ಒಕ್ಕಣ್ಣಿನ ಆಮೆಗೆ ಸೊಪ್ಪು ತಿನ್ನಿಸಿದ್ದು

ಸಹನಾ, ಬಸು,

ಹೋದ ಸಲ ಬಂದಾಗ ಬಸು ಹಿತ್ತಲ ತೊಟ್ಟಿಗೆ ಒಂದು ಹಿಡಿ ಚುರುಮುರಿ ಎಸೆದ. ನಾನು ಅವನ ಕೈ ಹಿಡಿದೆಳೆದು ಬೈದೆ. ಅವನು ಅತ್ತ. ಸಹನಾ, ನೀನು ಕೇಳಿದೆ: "ಆಯಿ, ಚುರುಮುರಿಗೆ ಇಷ್ಟ್ಯಾಕ ಸಿಟ್ಟು? ಮತ್ತ ಈ ಆಮಿಗೆ ಒಂದ ಕಣ್ಣ ಯಾಕ ಐತಿ?" ನನಗೆ ಉತ್ತರ ಕೊಡಲು ಆಗಲಿಲ್ಲ. ಎದುರಿಗೆ ಮಂದಿ ಕೂತರೆ ನನ್ನ ಬಾಯಿ ಕಟ್ಟುತ್ತದೆ, ಅವರು ನನ್ನ ಮೊಮ್ಮಕ್ಕಳಾದರೂ ಅಷ್ಟೇ. ಬರೆಯಲು ಕೂತರೆ ಹಾಗಾಗುವುದಿಲ್ಲ. ಊರ ಶಾಲೆಯಲ್ಲಿ ಕಲಿತ ಅಕ್ಷರ ಇನ್ನೂ ಕೈಯಲ್ಲಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರ ಮಾಡುವ ಒಂದು ಮನೆಯಲ್ಲಿ ನಾನು ಕೆಲಸಕ್ಕಿದ್ದೆ. ಮೋಟೆಬೆನ್ನೂರಿನಿಂದ ಬೆಳಗಿನ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಬರುತ್ತಿದ್ದೆ. ಪೇಟೆಗೆ ಮಾಲು ತುಂಬಿ ಬರುವ ದಿನಗಳವು. ಮೆಣಸಿನಕಾಯಿಯ ಘಾಟಿಗೆ ಊರಿಗೆ ಊರೇ ಕೆಮ್ಮುತ್ತಿತ್ತು. ಆ ಮನೆಯಲ್ಲಿ ಎರಡು ಆಮೆ ಮರಿಗಳನ್ನು ತಂದಿಟ್ಟಿದ್ದರು. ಅವನ್ನು ನೋಡಿಕೊಳ್ಳಲೆಂದೇ ನನ್ನನ್ನು ಕರೆದಿದ್ದರು. ಯಾಕೆ ನಾನೇ ಎಂದರೆ, ನಿಮ್ಮ ಅಜ್ಜ ಇದ್ದಾಗ ನಾವು ರೇಷ್ಮೆ ಸಾಕುತ್ತಿದ್ದೆವು. ಆಗತಾನೇ ಮೊಟ್ಟೆಯೊಡೆದು ಬಂದ ಹುಳಕ್ಕೆ ಹಿಪ್ಪುನೇರಳೆ ಸೊಪ್ಪನ್ನು ಸಾಸಿವೆಯಷ್ಟು ಸಣ್ಣಗೆ ಹೆಚ್ಚಬೇಕು. ಹಾಗೆ ಹೆಚ್ಚುವ ಕೈ ನನ್ನದೆಂದು ಯಾರೋ ಆ ಮನೆಯಲ್ಲಿ ಹೇಳಿದ್ದರು.

ಆ ಮನೆಯ ಯಜಮಾನಿ ಮೊದಲ ದಿನವೇ ನನ್ನನ್ನು ಹೊಸ್ತಿಲ ಹೊರಗೆ ನಿಲ್ಲಿಸಿ ಹೇಳಿದಳು.

"ಇವು ಆಟದ ಸಾಮಾನ ಅಲ್ಲ. ಮನ್ಯಾಗ ಕೂಸು ಆಡ್ಲಿ ಅಂತ ಶಾಸ್ತ್ರದವರು ಇಡ್ರಿ ಅಂದಾರ. ಸೊಸಿ ತವರಿಂದ ಬಂದಾವು. ತೊಳಿಯೂದು, ಹೆಚ್ಚೂದು ನಿಂದು. ಬಾಯಿಗೆ ಹಾಕೂದು ಮುತ್ತೈದಿ ಕೈಲೆ. ನಿನ್ನ ಕೈಲೆ ಒಂದ ತುತ್ತೂ ಬೀಳಬಾರದು, ತಿಳೀತಿಲ್ಲೊ?"

"ಹೂಂರಿ ಅವ್ವಾರ."

"ಮತ್ತ ಮುಂಜಾನೆದ್ದು ಅವು ನಿನ್ನ ಮಾರಿ ನೋಡಬಾರದು. ಸೆರಗ ಮುಂದಕ್ಕ ಎಳಕೊ."

ನಾನು ಎಳೆದುಕೊಂಡೆ. ಸೆರಗಿನ ಸಂದಿಯಿಂದ ಆಮೆಗಳನ್ನು ನೋಡಿದೆ. ದೇವರ ಕೋಣೆಯ ಉತ್ತರದ ಮೂಲೆ. ಫಳಫಳ ಹೊಳೆಯುವ ಹಿತ್ತಾಳೆ ಪರಾತ. ಅದರಲ್ಲಿ ಒಂದು ಬೆರಳು ನೀರು, ನೀರಿನ ಮೇಲೆ ಕುಂಕುಮ, ಹೂವಿನ ಎಸಳು, ಉಬ್ಬಿದ ಚುರುಮುರಿ. ನಡುವೆ ಹಳೆಯ ರೂಪಾಯಿಯಷ್ಟಗಲದ ಎರಡು ಹಸಿರು ಮರಿಗಳು, ಕಣ್ಣಿನ ಹಿಂದೆ ಕೆಂಪು ಗೆರೆ. ಒಂದು ಸ್ವಲ್ಪ ದೊಡ್ಡದು, ಒಂದು ಸಣ್ಣದು. ಎರಡರ ಚಿಪ್ಪೂ ಒತ್ತಿದರೆ ಬಗ್ಗುತ್ತಿತ್ತು, ನೆನೆದ ಅವಲಕ್ಕಿಯ ಹಾಗೆ.

ಅವುಗಳ ಊಟ ಬೆಳಿಗ್ಗೆ ಚುರುಮುರಿ, ಮಧ್ಯಾಹ್ನ ಮೊಸರನ್ನ, ಸಂಜೆ ಆರತಿಯಾದ ಮೇಲೆ ಪೇಡೆಯ ಪುಡಿ. ತಂದ ಹೊಸದರಲ್ಲಿ ಅಂಗಡಿಯವನು ಕೊಟ್ಟ ಬಣ್ಣದ ಕಾಳಿನ ಡಬ್ಬಿ ಇತ್ತಂತೆ. ಯಜಮಾನಿ ಒಂದು ದಿನ ಅದನ್ನು ಮೂಸಿದಳು. ಮೀನಿನ ವಾಸನೆ ಬಂತು. ಮಾಂಸ ಸೋಂಕದ ಮನೆ ಅದು. ಡಬ್ಬಿಯನ್ನು ಚರಂಡಿಗೆ ಎಸೆದು, ಸೊಸೆಯ ತಲೆಗೆ ನೀರು ಹೊಯ್ದು, ಸೊಸೆಯ ತಂದೆಗೆ ಫೋನಿನಲ್ಲಿ ಬೈದಳಂತೆ.

ಸೊಸೆ ರಾಣೇಬೆನ್ನೂರಿನವಳು. ಅಲ್ಲಿನ ಅಲಂಕಾರದ ಮೀನಿನ ಅಂಗಡಿಯಿಂದ ಅವಳ ತಂದೆಯೇ ಈ ಮರಿಗಳನ್ನು ತಂದುಕೊಟ್ಟಿದ್ದ. ಮದುವೆಯಾಗಿ ಕೆಲವು ವರ್ಷಗಳಾಗಿದ್ದವು, ಮಕ್ಕಳಾಗಿರಲಿಲ್ಲ. ಅವಳೂ ನಿಮ್ಮ ಹಾಗೆಯೇ ನನ್ನನ್ನು ಆಯಿ ಎನ್ನುತ್ತಿದ್ದಳು, ಯಾರೂ ಇಲ್ಲದಾಗ. ಯಾರಾದರೂ ಇದ್ದರೆ ಏನೂ ಅನ್ನುತ್ತಿರಲಿಲ್ಲ.

ನಾನು ಸೇರಿದ ವಾರದಲ್ಲೇ ಎರಡೂ ಮರಿಗಳ ಕಣ್ಣು ಬಾತವು. ರೆಪ್ಪೆ ಬಟಾಣಿಯ ಹಾಗೆ ಉಬ್ಬಿ ಮುಚ್ಚಿಕೊಂಡಿತು. ಯಜಮಾನಿ ನನ್ನ ಕಡೆ ನೋಡಲಿಲ್ಲ, ಸೊಸೆಯ ಕಡೆ ನೋಡಿದಳು.

"ನಿಮ್ಮಪ್ಪ ರೋಗದ ಪ್ರಾಣಿ ಕೊಟ್ಟಾನ. ಇವು ಸತ್ತು ಅಂದ್ರ ಆ ಪಾಪ ಎಲ್ಲಿಗ ಹೋಗತೈತಿ ಗೊತ್ತೈತೆಲ್ಲ? ನಿನ್ನ ಹೊಟ್ಟಿಗೆ. ಅವು ಸತ್ತ ದಿನಾನ ನೀ ಗಂಟು ಕಟ್ಟು."

ಅದು ಬರೀ ಮಾತಲ್ಲ. ಸೊಸೆಯ ಪೆಟ್ಟಿಗೆಯನ್ನು ಅಟ್ಟದಿಂದ ಇಳಿಸಿ ಬಾಗಿಲ ಪಕ್ಕಕ್ಕೆ ಇಟ್ಟರು. ಅದು ಕಡೆಯ ದಿನದವರೆಗೂ ಅಲ್ಲೇ ಇತ್ತು. ನಾನು ದಿನಾ ಅದರ ಧೂಳು ಒರೆಸುತ್ತಿದ್ದೆ.

ಮರಿಗಳನ್ನು ಊಟದ ಸ್ಟೀಲ್ ಡಬ್ಬಿಯಲ್ಲಿ ಒದ್ದೆ ಬಟ್ಟೆ ಹಾಸಿ ಇಟ್ಟುಕೊಂಡು ನಾನೂ ಸೊಸೆಯೂ ಹಾವೇರಿಗೆ ಹೋದೆವು. ದನದ ಡಾಕ್ಟರು ಎಮ್ಮೆಯೊಂದನ್ನು ನೋಡಿ ಮುಗಿಸಿ ನಮ್ಮ ಡಬ್ಬಿ ತೆಗೆದರು.

"ಏನ ತಿನ್ಸಾಕತ್ತೀರಿ ಇವಕ್ಕ?"

ಸೊಸೆ ಹೇಳಿದಳು.

"ಚುರುಮುರಿ, ಮೊಸರನ್ನ, ಪೇಡೆ! ಇದೇನ ಆಮಿನೋ, ಮನಿ ಅಳಿಯನೋ?" ಎಂದು ನಕ್ಕರು. ಆಮೇಲೆ ನಗುವನ್ನು ನಿಲ್ಲಿಸಿ ಮರಿಯನ್ನು ಮಗುಚಿ ಹೊಟ್ಟೆಯ ಚಿಪ್ಪು ಒತ್ತಿದರು. "ನನಗ ಎಮ್ಮಿ-ಆಕಳದಷ್ಟು ಇದು ಗೊತ್ತಿಲ್ಲವ್ವ" ಎಂದು, ಇಂಥ ಪ್ರಾಣಿಗಳನ್ನು ನೋಡುವ ತಮ್ಮ ಜೊತೆಗಾರರೊಬ್ಬರಿಗೆ ಫೋನ್ ಮಾಡಿದರು. ಬಹಳ ಹೊತ್ತು ಮಾತಾಡಿದರು. ಅವರು ಫೋನಿನಲ್ಲಿ ಕೇಳಿ ಕೇಳಿ ಹೇಳಿದ್ದನ್ನು ನಾನು ಮನಸ್ಸಿನಲ್ಲಿಟ್ಟುಕೊಂಡೆ.

ಹಿತ್ತಾಳೆ, ತಾಮ್ರದ ಪಾತ್ರೆ ಬೇಡ, ಅದರ ಕಿಲುಬು ನೀರಿಗೆ ಬಿಟ್ಟುಕೊಳ್ಳುತ್ತದೆ, ವಿಷ. ದಿನಾ ಬಿಸಿಲು ಬೇಕು, ಏರಿ ಕೂರಲು ಒಣಗಿದ ಕಲ್ಲು ಬೇಕು, ಬಿಸಿಲಿಲ್ಲದೆ ಚಿಪ್ಪು ಗಟ್ಟಿಯಾಗದು. ಕಣ್ಣು ಬಾತಿದ್ದು ರೋಗವಲ್ಲ, ಊಟದ ಕೊರತೆ. ಗಜ್ಜರಿ, ಕೆಂಪು ಕುಂಬಳ, ಹಸಿರು ಸೊಪ್ಪು ಹೊಟ್ಟೆಗೆ ಹೋಗಬೇಕು. ಕಣ್ಣಿಗೆ ಹನಿ ಔಷಧ. ಉಣ್ಣಿಸುವ ನೀರು ಬೇರೆ, ಇರುವ ನೀರು ಬೇರೆ. ಆಮೆ ನೀರಿನಲ್ಲೇ ನುಂಗುತ್ತದೆ, ಒಣಗಿದ್ದನ್ನು ನುಂಗಲಾರದು. ಕಡೆಯದಾಗಿ ಡಾಕ್ಟರು ದನಿ ತಗ್ಗಿಸಿ ಹೇಳಿದರು: "ಸಣ್ಣವು ಇದ್ದಾಗ ಇವಕ್ಕ ಹುಳ-ಹುಪ್ಪಡಿ ಬೇಕವ್ವ. ದೊಡ್ಡವಾದಂಗ ಸೊಪ್ಪು ಹೆಚ್ಚು ಮಾಡೂದು."

"ಹುಳಾ ನಮ್ಮನ್ಯಾಗ ನಡಿಯಂಗಿಲ್ರಿ" ಎಂದಳು ಸೊಸೆ.

"ಹಂಗಾದ್ರ ಸೊಪ್ಪರ ತಿನ್ನಸ್ರಿ. ತಿನ್ನಲಿಲ್ಲಂದ್ರ ಚುರುಮುರಿ ಬಂದ್ ಮಾಡ್ರಿ. ಹಸಿವಿಗೆ ಬಿಡ್ರಿ. ಹಸದ್ರ ತಿಂತಾವ. ಇವು ನಮ್ಮಂಗಲ್ಲ, ನಾಕ ದಿನದ ಉಪವಾಸಕ್ಕ ಸಾಯೂದಿಲ್ಲ."

ಮನೆಗೆ ಬಂದು ಸೊಸೆ ಅತ್ತೆಗೆ ಎಲ್ಲ ಹೇಳಿದಳು, ಹುಳದ ಮಾತೊಂದನ್ನು ಬಿಟ್ಟು. ಯಜಮಾನಿ ಚೌಕಾಸಿ ಮಾಡಿದಳು. ಬಿಸಿಲು ಆಯಿತು, ದೇವರು ಬಿಸಿಲು ಕಾಯಲಿ. ಪ್ಲಾಸ್ಟಿಕ್ ಟಬ್ಬು ಮಾಳಿಗೆಯ ಮೇಲೆ ಇರಲಿ, ದೀಪ ಹಚ್ಚುವ ಹೊತ್ತಿಗೆ ದೇವರ ಕೋಣೆಗೆ ಬರಬೇಕು. ಹಿತ್ತಾಳೆ ಬೇಡವಾದರೆ ಬೆಳ್ಳಿಯ ತಾಟು. ಸೊಪ್ಪು ಸಾತ್ವಿಕ, ಅಡ್ಡಿಯಿಲ್ಲ. ಹಸಿವಿಗೆ ಬಿಡುವ ಮಾತಿಗೆ ಮಾತ್ರ ಅವಳು ಒಂದು ಕರಾರು ಹಾಕಿದಳು. ಯೋಚಿಸಿ ಹೇಳಿದಳು:

"ನೈವೇದ್ಯ ಆಗೂತನ ಈ ಮನ್ಯಾಗ ಹೆಣ್ಮಕ್ಳು ಎಂದೂ ಉಂಡಿಲ್ಲ. ದೇವರ ಉಪವಾಸ ಇದ್ದಾಗ ಸೊಸಿ ಉಣ್ಣೂದ ಹ್ಯಾಂಗ? ಆಮಿ ಬಾಯಿ ಹಾಕೂತನ ನೀ ಗಂಗಾಳ ಮುಟ್ಟಬ್ಯಾಡ."

"ನೀವೂ ಉಣ್ಣೂದಿಲ್ಲೇನ್ರಿ ಅತ್ತಿ?" ಎಂದು ಸೊಸೆ ಕೇಳಿದಳು. ವ್ಯಂಗ್ಯವಲ್ಲ, ಖರೇ ಕೇಳಿದಳು.

"ನನಗ ಸಕ್ಕರಿ ಗುಳಿಗಿ ಐತಿ, ಉಣಲಾರದ ಹ್ಯಾಂಗ ನುಂಗ್ಲಿ?"

ಕೆಲಸ ಹೀಗೆ ಶುರುವಾಯಿತು. ಬೆಳಿಗ್ಗೆ ಬಂದ ಕೂಡಲೇ ಕಣ್ಣಿಗೆ ಹನಿ ಹಾಕುವುದು. ನಾನು ಹತ್ತಿಯಿಂದ ರೆಪ್ಪೆ ಒರೆಸುತ್ತಿದ್ದೆ, ಸೊಸೆ ಹನಿ ಬಿಡುತ್ತಿದ್ದಳು. ಮಾಳಿಗೆಯಲ್ಲಿ ಮೆಣಸಿನಕಾಯಿ ಹರವಿದ್ದರಿಂದ ಗಾಳಿಗೆ ಎದುರಾಗದ ಮೂಲೆ ನೋಡಿ ಟಬ್ಬನ್ನು ಇಡುವುದು. ಅರ್ಧ ಬಿಸಿಲು, ಅರ್ಧ ನೆರಳು. ಮೈ ಬಿಸಿಯಾದ ಮೇಲೆ ಬೇರೆ ಬೋಗುಣಿಯಲ್ಲಿ ಉಗುರುಬೆಚ್ಚಗಿನ ನೀರು. ರಾಜಗಿರಿ ಎಲೆಯ ನಡುವಿನ ದಂಟು ತೆಗೆದು ಹೆಚ್ಚುವುದು, ಗಜ್ಜರಿಯನ್ನು ತುರಿದು ಹಬೆಯಲ್ಲಿ ಮೆತ್ತಗೆ ಮಾಡುವುದು. ಗ್ರಂಥಿಗೆ ಅಂಗಡಿಯಲ್ಲಿ ಔಷಧಕ್ಕೆಂದು ಸಮುದ್ರದ ನೊರೆ ಎಂಬ ಬಿಳಿ ತುಂಡು ಸಿಗುತ್ತದೆ. ಚಿಪ್ಪು ಗಟ್ಟಿಯಾಗಲು ಅದನ್ನು ಚೂರು ಕೆರೆದು ಮೇಲೆ ಉದುರಿಸುವುದು. ಅದು ಸಮುದ್ರದ ಪ್ರಾಣಿಯ ಎಲುಬೆಂದು ಡಾಕ್ಟರು ಹೇಳಿದ್ದರು. ನೊರೆ ಎಂಬ ಹೆಸರಿದ್ದುದರಿಂದ ಮನೆಯಲ್ಲಿ ಯಾರೂ ಕೇಳಲಿಲ್ಲ.

ಮರಿಗಳು ಸೊಪ್ಪಿನ ಮೇಲೆ ಈಜಿ ಹೋದವು. ಕುರುಡು ಕಣ್ಣಿನಿಂದ ಬೋಗುಣಿಯ ಗೋಡೆಗೆ ಮೂತಿ ಒತ್ತಿ ಚುರುಮುರಿ ಹುಡುಕಿದವು. ಎಲೆ ಬಾಯಿಗೆ ತಾಗಿದರೆ ಮುಂಗಾಲಿನಿಂದ ತಳ್ಳಿದವು. ಸೊಸೆ ಬೋಗುಣಿಯ ಪಕ್ಕ ಕುಕ್ಕರಗಾಲಿನಲ್ಲಿ ಕೂತು ನೋಡುತ್ತಿದ್ದಳು. ಕೆಳಗಿನಿಂದ ಒಗ್ಗರಣೆಯ ವಾಸನೆ ಮೇಲೆ ಬರುತ್ತಿತ್ತು.

"ತಿಂತಾ?" ಎಂದು ಕೆಳಗಿನಿಂದ ಯಜಮಾನಿ ಕೂಗುತ್ತಿದ್ದಳು.

"ಇನ್ನೂ ಇಲ್ರಿ."

"ಕುಂದ್ರ ಹಂಗಾರ."

ಮೊದಲ ಕೆಲವು ದಿನ ನಾನು ಸೆರಗಿನ ಗಂಟಿನಲ್ಲಿ ನಾಲ್ಕು ಚುರುಮುರಿ ಕಟ್ಟಿಕೊಂಡು ಹೋದೆ. ಹೊತ್ತು ಮೀರಿದಾಗ ಸೊಸೆಯ ಕೈಗೆ ಕೊಡುತ್ತಿದ್ದೆ. ಅವಳು ನೀರಿಗೆ ಹಾಕಿದರೆ ಮರಿಗಳು ಗಬಕ್ಕನೆ ನುಂಗುತ್ತಿದ್ದವು. ಅವಳು "ತಿಂದು!" ಎಂದು ಕೂಗಿ ಕೆಳಗೆ ಓಡಿ ಉಣ್ಣುತ್ತಿದ್ದಳು. ಆದರೆ ಚುರುಮುರಿ ಸಿಗುತ್ತದೆಂದು ಗೊತ್ತಾದ ಮೇಲೆ ಮರಿಗಳು ಸೊಪ್ಪಿಗೆ ಯಾಕೆ ಬಾಯಿ ಹಾಕುತ್ತವೆ? ಕಣ್ಣು ಇನ್ನಷ್ಟು ಬಾತವು. ಸಣ್ಣದು ಈಜುವುದನ್ನೇ ಬಿಟ್ಟು ಒಂದು ಕಡೆ ವಾಲಿಕೊಂಡು ತೇಲತೊಡಗಿತು.

ಒಂದು ಬೆಳಿಗ್ಗೆ ಸೊಸೆ ನನ್ನ ಸೆರಗಿನ ಗಂಟನ್ನು ತಾನೇ ಬಿಚ್ಚಿ ಚುರುಮುರಿಯನ್ನು ಮಾಳಿಗೆಯಿಂದ ಕೆಳಗೆ ತೂರಿದಳು.

"ಇನ್ನ ಮ್ಯಾಲೆ ತರಬ್ಯಾಡ್ರಿ ಆಯಿ. ಇವು ಸತ್ರ ನಾ ಪೆಟಗಿ ಎತಗೊಂಡು ಹೋಗೂದ. ಹಸಗೊಂಡರ ಇರ್ತೇನಿ."

"ನಿಮಗ ತಡೀತೈತೇನ್ರಿ?"

"ಆಮಿಗೆ ತಡೀತೈತೆಲ್ಲ."

ಅಂದಿನಿಂದ ಮರಿಗಳೂ ಅವಳೂ ಸರಿಸಮ ಹಸಿದರು. ಸಂಜೆ ದೀಪ ಹಚ್ಚಿದ ಮೇಲೆ ಒಂದು ಲೋಟ ಹಾಲಿಗೆ ಮಾತ್ರ ಅತ್ತೆಯ ಅಪ್ಪಣೆ ಇತ್ತು. ನಾನು ಬುತ್ತಿಯಲ್ಲಿ ರೊಟ್ಟಿ ತಂದರೆ ಬಾಗಿಲಲ್ಲೇ ಬಿಚ್ಚಿ ನೋಡುತ್ತಿದ್ದರು. ಮಾಳಿಗೆಯ ಮೇಲೆ ನಾನು ಅವಳೆದುರು ಉಣ್ಣಲಾರದೆ ರೊಟ್ಟಿಯನ್ನು ಮನೆಗೆ ಒಯ್ಯುತ್ತಿದ್ದೆ.

ಹೀಗಿರುವಾಗ ದೊಡ್ಡ ಮರಿ, ರೆಪ್ಪೆ ಸ್ವಲ್ಪ ಇಳಿದಿತ್ತು ಅಂತ ಕಾಣುತ್ತದೆ, ಪೂಜೆಯ ತಾಟಿನಲ್ಲಿ ಬಿದ್ದಿದ್ದ ಕೆಂಪು ದಾಸವಾಳದ ಎಸಳನ್ನು ಹಿಡಿದು ಎಳೆಯಿತು. ಹರಿದು ನುಂಗಿತು. ಸೊಸೆ ಚಪ್ಪಾಳೆ ತಟ್ಟಿದಳು. ಮರುದಿನ ನಾನು ರಾಜಗಿರಿಯ ಚೂರನ್ನು ದಾಸವಾಳದ ಎಸಳಿನಲ್ಲಿ ಸುತ್ತಿ ಸೊಸೆಯ ಕೈಗೆ ಕೊಟ್ಟೆ. ಮರಿ ಎಸಳನ್ನು ತಿಂದಿತು, ಸೊಪ್ಪನ್ನು ಉಗುಳಿತು. ಆದರೂ ದಾರಿ ಸಿಕ್ಕಿತು ಎನ್ನಿಸಿತು. ಕೆಂಪು ಕಂಡರೆ ಅದು ಬಾಯಿ ತೆಗೆಯುತ್ತದೆ.

ಇದು ಯಜಮಾನಿಯ ಮಗನ, ಆ ಸೊಸೆಯ ಗಂಡನ, ಕಿವಿಗೆ ಬಿತ್ತು. ಪೇಟೆಗೆ ಹೊರಟವನು ಮೆಟ್ಟಿಲು ಹತ್ತಿ ಬಂದ. ಕೆಟ್ಟ ಮನುಷ್ಯನೇನಲ್ಲ, ಹೆಂಡತಿ ಹಸಿದಿದ್ದಾಳೋ ಎಂದು ಒಂದು ಸಲವೂ ಕೇಳಿರಲಿಲ್ಲ, ಅಷ್ಟೇ.

"ಕೆಂಪು ಬೇಕಂತ? ನಮ್ಮ ಮನ್ಯಾಗ ಕೆಂಪಿಗೆ ಬರಗಾಲೇನ್ರಿ?" ಎನ್ನುತ್ತ ಹರವಿದ್ದ ರಾಶಿಯಿಂದ ಒಂದು ಹಿಡಿ ಮೆಣಸಿನಕಾಯಿ ತೆಗೆದು ನೀರಿನಲ್ಲಿ ಹಿಚುಕಿದ. ನೀರು ಕುಂಕುಮದ ಹಾಗಾಯಿತು.

"ಬ್ಯಾಡರಿ" ಎಂದೆ. ನನ್ನ ದನಿ ಎಷ್ಟು ಸಣ್ಣದೆಂದು ನಿಮಗೆ ಗೊತ್ತು.

"ಖಾರ ಆಗತೈತ್ರೆಲ್ಲ" ಎಂದಳು ಸೊಸೆ.

"ಬ್ಯಾಡಗಿ ಕಾಯಿಗೆ ಖಾರ? ನೀ ಯಾವೂರಾಕಿ! ಇದಕ್ಕ ಬಣ್ಣ ಅಷ್ಟ, ಖಾರ ಇಲ್ಲ. ಜಗತ್ತೆಲ್ಲ ನಮ್ಮ ಬಣ್ಣ ತಿಂತೈತಿ, ಆಮಿಗೇನ ದಾಡಿ?"

ಹೆಚ್ಚಿದ ಸೊಪ್ಪನ್ನು ಆ ನೀರಿನಲ್ಲಿ ಅದ್ದಿ ಬೋಗುಣಿಗೆ ಸುರಿದ. ಮರಿಗಳು ಮೊದಲು ಎರಡು ಸಲ ಬಾಯಿ ಹಾಕಿದವು. ಅವನು ನಕ್ಕ. ಆಮೇಲೆ ಅವು ತಿರುಗತೊಡಗಿದವು. ಆಮೆಗೆ ಕೂಗು ಇಲ್ಲ, ನಿಮಗೆ ಗೊತ್ತು. ಮುಂಗಾಲಿನ ಉಗುರಿನಿಂದ ಕಣ್ಣನ್ನು ಕೆರೆದುಕೊಂಡವು, ಬಾತ ರೆಪ್ಪೆಯನ್ನೇ ಕೆರೆದುಕೊಂಡವು, ಬೋಗುಣಿಯ ಗೋಡೆಗೆ ಡಿಕ್ಕಿ ಹೊಡೆದವು. ನಾನು ಎರಡನ್ನೂ ಬಾಚಿ ತೆಗೆದು ನೀರು ಹೊಯ್ದೆ, ಮತ್ತೆ ಹೊಯ್ದೆ, ಮತ್ತೆ. ಸಣ್ಣದು ನನ್ನ ಅಂಗೈಯಲ್ಲಿ ಕತ್ತು ಚಾಚಿ ಬಾಯಿ ತೆರೆದು ತೆರೆದು ಮುಚ್ಚಿತು. ಮರುದಿನ ಮಧ್ಯಾಹ್ನಕ್ಕೆ ಅದು ಸತ್ತಿತು. ದೊಡ್ಡದರ ಎಡಗಣ್ಣು ಮತ್ತೆ ತೆರೆಯಲಿಲ್ಲ.

ಮಗ ಹೇಳಿದ್ದು ಇಷ್ಟು: "ನಮ್ಮ ಕಾಯಿ ಆಗಿರಲಿಕ್ಕಿಲ್ಲ ಅದು. ರಾಶ್ಯಾಗ ಬ್ಯಾರೆ ಸೀಮಿ ಮಾಲ ಕೂಡಿರಬೇಕು." ಹಮಾಲರಿಗೆ ಬೈಯಲು ಪೇಟೆಗೆ ಹೋದ.

ಯಜಮಾನಿ ಮೆಣಸಿನಕಾಯಿಯ ಹೆಸರೆತ್ತಲಿಲ್ಲ. ಸತ್ತ ಮರಿಯನ್ನು ಬಾಳೆ ಎಲೆಯಲ್ಲಿಟ್ಟು ಸೊಸೆಯ ಮುಂದೆ ಹಿಡಿದಳು. "ನೋಡ. ಕಣ್ತುಂಬ ನೋಡ. ಒಂದನ ನುಂಗಿದಿ. ಇನ್ನೊಂದು ಉಳದೈತಿ ಅಂತ ನೀ ಈ ಮನ್ಯಾಗ ಉಳದಿ."

ಆ ಸಂಜೆ ಬಸ್ಸಿನಲ್ಲಿ ನಾನು ತೀರ್ಮಾನ ಮಾಡಿದೆ. ಉಳಿದ ಮರಿ ತಾನಾಗಿ ಸೊಪ್ಪು ತಿನ್ನುವವರೆಗೆ ಬದುಕುವುದಿಲ್ಲ. ಅದು ಸತ್ತರೆ ಇವಳು ಪೆಟ್ಟಿಗೆ ಹಿಡಿದು ಹೊರಗೆ. ಡಾಕ್ಟರು ದನಿ ತಗ್ಗಿಸಿ ಹೇಳಿದ್ದು ನನ್ನ ಕಿವಿಯಲ್ಲಿತ್ತು.

ನಮ್ಮ ಬಟ್ಟೆ ಒಗೆಯುವ ಕಲ್ಲಿನ ಹಿಂದೆ ಒದ್ದೆ ಮಣ್ಣಿದೆಯಲ್ಲ, ಅಲ್ಲಿ ಅಗೆದೆ. ಸಣ್ಣ ಎರೆಹುಳಗಳನ್ನು ಆರಿಸಿ ನೀರಿನಲ್ಲಿ ತೊಳೆದು, ಮಣ್ಣು ಉಗುಳಲೆಂದು ಒದ್ದೆ ಬಟ್ಟೆಯಲ್ಲಿ ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ನನ್ನ ಅಡಿಕೆ ಡಬ್ಬಿಯಲ್ಲಿ ತುಂಬಿಕೊಂಡೆ. ಬುತ್ತಿ ನೋಡುವವರು ವಿಧವೆಯ ಅಡಿಕೆ ಡಬ್ಬಿ ಮುಟ್ಟುವುದಿಲ್ಲ. ಮಾಳಿಗೆಯ ಮೇಲೆ ಬ್ಲೇಡಿನಿಂದ ಹುಳವನ್ನು ಅಕ್ಕಿಕಾಳಿನಷ್ಟು ಕತ್ತರಿಸಿದೆ. ಒಂದು ಚೂರನ್ನು ರಾಜಗಿರಿ ಎಲೆಯಲ್ಲಿ ಸುತ್ತಿದೆ; ಉಳಿದ ಸೊಪ್ಪನ್ನು ಆ ಹುಳದ ರಸದಲ್ಲೇ ಕಲೆಸಿದೆ. ಕಣ್ಣಿಲ್ಲದಿದ್ದರೂ ವಾಸನೆ ಬರಬೇಕಲ್ಲ.

ಸೊಸೆ ಕೈ ಚಾಚಿದವಳು ನಿಲ್ಲಿಸಿದಳು. ಎಲೆ ಅವಳ ಅಂಗೈಯಲ್ಲಿ ಮಿಸುಕುತ್ತಿತ್ತು.

"ಏನೈತ್ರಿ ಇದರಾಗ?"

"ಕೇಳಬ್ಯಾಡ್ರಿ. ಹಾಕ್ರಿ."

ಅವಳು ಬಾಯಿಗೆ ಸೆರಗು ಒತ್ತಿಕೊಂಡು, ಕಣ್ಣು ಮುಚ್ಚಿ ನೀರಿಗೆ ಬಿಟ್ಟಳು. ಮರಿ ತಡೆದು ನಿಂತಿತು. ಮೂಗು ಮುಂದೆ ಮಾಡಿತು. ಒಂದೇ ಸಲಕ್ಕೆ ಕತ್ತು ಹಾರಿಸಿ ಎಲೆ ಸಮೇತ ಹಿಡಿದು, ಮುಂಗಾಲಿನಿಂದ ಹರಿದು ನುಂಗಿತು. ಆಮೇಲೆ ಹುಳವಿಲ್ಲದ, ಬರೀ ರಸ ಹತ್ತಿದ ಎಲೆಯನ್ನೂ ತಿಂದಿತು.

"ತಿಂತು!" ಎಂದು ಸೊಸೆ ಕೂಗಿದಳು. ಆಮೇಲೆ ಗೋಡೆಯ ಕಡೆ ತಿರುಗಿ ವಾಂತಿ ಮಾಡಿದಳು. ಹೊಟ್ಟೆಯಲ್ಲಿ ಏನೂ ಇಲ್ಲದ್ದರಿಂದ ಬರೀ ನೀರು ಬಂತು. ಆಮೇಲೆ ಕೆಳಗೆ ಹೋಗಿ ಉಂಡಳು.

ಅಲ್ಲಿಂದ ಮುಂದಿನ ಕೆಲಸ ಸುಲಭವಾಯಿತು. ಹುಳ ದಿನಾ ಬೇಡ, ಆದರೆ ವಾಸನೆ ದಿನಾ ಬೇಕು. ಮೊದಲು ಎಲೆಗಿಂತ ಹುಳ ಹೆಚ್ಚು, ಆಮೇಲೆ ಹುಳಕ್ಕಿಂತ ಎಲೆ ಹೆಚ್ಚು. ಗಜ್ಜರಿಯ ತುರಿಯನ್ನು ಹುಳದಷ್ಟೇ ಉದ್ದ ಕತ್ತರಿಸಿ ನಡುವೆ ಸೇರಿಸಿದೆ, ಮೋಸ ಹೋಗಿ ತಿಂದಿತು. ಬಲಗಣ್ಣಿನ ಬಾವು ಇಳಿದು ರೆಪ್ಪೆ ತೆರೆಯಿತು. ಚಿಪ್ಪಿನ ಅಂಚು ಗಟ್ಟಿಯಾಯಿತು.

ಯಜಮಾನಿ ತಾಟಿನ ಮುಂದೆ ಕೂತು ಅದು ಸೊಪ್ಪು ತಿನ್ನುವುದನ್ನು ಕಣ್ಣಾರೆ ಕಂಡಳು. ಕೈಮುಗಿದಳು. ನನಗೆ ನಿರಾಳವಾಯಿತು. ಆದರೆ ಅವಳು ಸೊಸೆಯ ಕಡೆ ತಿರುಗಿದಳು.

"ಕಂಡ್ಯಾ ನಿನ್ನ ಉಪಾಸದ ಶಕ್ತಿ? ಕಲ್ಲಿನಂಥಾ ದೇವರ ಬಾಯಿ ತಗದಾನ. ಬಿಡಬಾರದಿದನ್ನ. ಆಮಿಗೆ ಇಷ್ಟಾತು, ಇನ್ನ ನಿನಗ ಬಸಿರ ನಿಲ್ಲೂತನ ನಡಸೂದು. ದಿನಕ್ಕ ಒಂದ ಹೊತ್ತು. ಸೋಮವಾರ, ಶುಕ್ರವಾರ ಅದೂ ಬ್ಯಾಡ."

ಮರಿ ತಿಂದರೆ ಇವಳು ಉಣ್ಣುತ್ತಾಳೆಂದು ಹುಳ ತಂದೆ. ಈಗ ಮರಿ ತಿನ್ನುತ್ತಿದೆ, ಅದಕ್ಕೇ ಇವಳು ಉಣ್ಣುವ ಹಾಗಿಲ್ಲ.

ದಿನ ಕಳೆದಂತೆ ಮರಿಯ ಕುತ್ತಿಗೆ ತುಂಬಿತು, ಸೊಸೆಯ ಬಳೆ ಮೊಣಕೈವರೆಗೆ ಜಾರತೊಡಗಿತು. ಒಂದು ಮಧ್ಯಾಹ್ನ ಟಬ್ಬು ಹಿಡಿದು ಮಾಳಿಗೆಯಿಂದ ಇಳಿಯುವಾಗ ಅವಳು ಮೆಟ್ಟಿಲ ಮೇಲೆ ಕುಸಿದಳು. ಯಜಮಾನಿ ಓಡಿ ಬಂದು ಮೊದಲು ಟಬ್ಬಿನೊಳಗೆ ನೋಡಿದಳು. "ಆಮಿಗೇನೂ ಆಗಿಲ್ಲ, ಪುಣ್ಯ" ಎಂದಳು.

ಅದೇ ವಾರ ಓಣಿಯ ಹೆಂಗಸರಿಗೆಲ್ಲ ಅರಿಶಿನ ಕುಂಕುಮಕ್ಕೆ ಹೇಳಿಕಳಿಸಿದರು. ಪವಾಡದ ಆಮೆಯನ್ನು ತೋರಿಸಲು. ಹಿಂದಿನ ದಿನ ಮಾಳಿಗೆಯ ಮೇಲೆ ನಾನು ಸೊಸೆಗೆ ಹೇಳಿದೆ: "ನಾಳೆ ನಿಮ್ಮನ್ನ ಏನರ ಕೇಳಿದ್ರ, ಗೊತ್ತಿಲ್ಲ ಅನ್ರಿ."

"ಏನ ಮಾಡ್ತೀರಿ ಆಯಿ?"

ನಾನು ಹೇಳಲಿಲ್ಲ. ಹೇಳಿದ್ದರೆ ನನಗೇ ಧೈರ್ಯ ಉಳಿಯುತ್ತಿರಲಿಲ್ಲ.

ಅಂಥ ಕಾರ್ಯದಲ್ಲಿ ನನ್ನಂಥವಳು ಒಳಗೆ ಬರುವ ಹಾಗಿಲ್ಲ. ಸೊಪ್ಪಿನ ತಟ್ಟೆ ಹಿಡಿದು ಬಾಗಿಲ ಹೊರಗೆ ನಿಂತಿದ್ದೆ. ನಡುಮನೆ ತುಂಬ ಹೆಂಗಸರು. ಬೆಳ್ಳಿಯ ತಾಟಿನಲ್ಲಿ ಆಮೆ, ಚಿಪ್ಪಿನ ಮೇಲೆ ಅರಿಶಿನ. ಸೊಸೆ ಗೋಡೆ ಹಿಡಿದು ನಿಂತಿದ್ದಳು, ತುಟಿ ಒಡೆದಿತ್ತು.

"ನನ್ನ ಸೊಸಿ ಹಸಿವಿಗೆ ದೇವರ ಒಲದ್ನವ್ವ" ಎನ್ನುತ್ತಿದ್ದಳು ಯಜಮಾನಿ.

ಒಬ್ಬ ಮುದುಕಿ ಗಲ್ಲಕ್ಕೆ ಕೈ ಹಚ್ಚಿದಳು. "ಖರೇನ? ನಮ್ಮ ಮನ್ಯಾಗೂ ಒಬ್ಬಾಕಿ ಕುಂತಾಳ, ಬರೇ ತಿನ್ನಾಕ. ನಾಳಿಂದ ಆಕಿಗೂ ಉಪಾಸ ಹಚ್ಚತೇನಿ."

"ಹಚ್ಚರಿ, ಹಚ್ಚರಿ. ನಮ್ದೂ ಹಂಗ" ಎಂದಳು ಇನ್ನೊಬ್ಬಳು.

ನಾನು ಹೊಸ್ತಿಲು ದಾಟಿದೆ. ಹೆಂಗಸರು ಸೆರಗು ಎಳೆದುಕೊಂಡು ಸರಿದರು, ದಾರಿ ತಾನಾಗಿಯೇ ಆಯಿತು. ಸೊಂಟದಿಂದ ಡಬ್ಬಿ ತೆಗೆದು, ಕತ್ತರಿಸದ ಇಡೀ ಹುಳವನ್ನು, ಒಂದು ತುತ್ತೂ ಹಾಕಬಾರದೆಂದಿದ್ದ ಈ ನನ್ನ ಕೈಯಿಂದಲೇ ತಾಟಿಗೆ ಬಿಟ್ಟೆ. ಆಮೆ ನನ್ನ ಕೈಯನ್ನು ಗುರುತಿಸುತ್ತಿತ್ತು. ಒಂದು ಕ್ಷಣವೂ ತಡೆಯಲಿಲ್ಲ. ಹುಳ ಅದರ ಬಾಯಿಯ ಎರಡೂ ಕಡೆ ಸುತ್ತಿಕೊಂಡು ಒದ್ದಾಡಿತು, ಅದು ಉಗುರಿನಿಂದ ಹರಿದು ಹರಿದು ತಿಂದಿತು. ಅರಿಶಿನದ ನೀರು ಕದಡಿತು.

"ಎರಿಹುಳರಿ ಇದು. ಇಷ್ಟು ದಿನಾ ಇದನ್ನ ತಿಂದು ಚೇತರಿಸೇತ್ರಿ. ಹುಳದ ವಾಸನಿ ಇಲ್ದ ಒಂದ ದಿನಾನೂ ಸೊಪ್ಪಿಗೆ ಬಾಯಿ ಹಾಕಿಲ್ರಿ. ಯಾರ ಉಪಾಸಕ್ಕೂ ಅಲ್ರಿ."

ಮಂದಿಯ ಮುಂದೆ ನಾನು ಆಡಿದ ಅತಿ ಉದ್ದದ ಮಾತು ಅದು. ಯಾರೋ ಓಕರಿಸಿದರು. ಕುಂಕುಮದ ಬಟ್ಟಲು ಬಿದ್ದು ಉರುಳಿತು. ಯಜಮಾನಿ ನನ್ನ ಕಡೆ ನೋಡಲೇ ಇಲ್ಲ, ಆಗಲೂ ಸೊಸೆಯ ಕಡೆ ತಿರುಗಿದಳು.

"ನಿನ್ನ ಕೈಲೇನ ಹಾಕತಿದ್ದಿ. ಗೊತ್ತಿತ್ತಿಲ್ಲೊ ನಿನಗ?"

ನಾನು ನೆಲ ನೋಡಿದೆ, ಸುಳ್ಳು ಹೇಳುವಾಗ ಸೊಸೆ ನನ್ನ ಮುಖ ನೋಡುವ ಹಾಗಾಗದಿರಲೆಂದು.

"ಇಲ್ರಿ ಅತ್ತಿ. ನನಗೇನೂ ಗೊತ್ತಿಲ್ರಿ. ಈ ಮುಂಡಿ ಎಲಿಯಾಗ ಸುತ್ತಿ ನನ್ನ ಕೈಲೆ ಏನ ಮಾಡಿಸ್ಯಾಳ ನೋಡ್ರಿ!"

ಗೊತ್ತಿಲ್ಲ ಅನ್ನಬೇಕೆಂದು ನಾನೇ ಹೇಳಿಕೊಟ್ಟಿದ್ದೆ. ಮುಂಡಿ ಎಂಬ ಆ ಒಂದು ಮಾತು ನಾನು ಹೇಳಿಕೊಟ್ಟಿದ್ದಲ್ಲ. ಅದನ್ನು ಕೇಳಿದ ಮೇಲೇ ಎಲ್ಲರೂ ಅವಳನ್ನು ನಂಬಿದರು. ಒಬ್ಬಳು ಅವಳ ಬೆನ್ನು ಸವರಿದಳು.

ಯಜಮಾನಿ ನನ್ನನ್ನು ಹೊಡೆಯಲಿಲ್ಲ, ಹೊಡೆದರೆ ಮುಟ್ಟಬೇಕಾಗುತ್ತದೆ. ಕಸಬರಿಗೆಯ ಹಿಡಿಯಿಂದ ಬೆನ್ನಿಗೆ ತಿವಿಯುತ್ತ ಬಾಗಿಲವರೆಗೆ ನೂಕಿದಳು. ತಾಟನ್ನು ಬೋರಲು ಮಾಡಿ ಆಮೆಯನ್ನು ನೆಲ ಒರೆಸುವ ಬಕೆಟ್ಟಿಗೆ ಹಾಕಿ, ಬಕೆಟ್ಟನ್ನೇ ಅಂಗಳಕ್ಕೆ ಎಸೆದಳು. "ಒಯ್ಯಿ ನಿನ್ನ ಹುಳಾ ತಿನ್ನೂ ದೇವರನ!"

ಆಮೆ ಅಂಗಳದಲ್ಲಿ ಅಂಗಾತ ಬಿದ್ದು ಕಾಲಾಡಿಸುತ್ತಿತ್ತು. ಎತ್ತಿ ಬಕೆಟ್ಟಿಗೆ ಹಾಕಿಕೊಂಡು ಬಸ್ ನಿಲ್ದಾಣಕ್ಕೆ ನಡೆದೆ. ಬಸ್ಸಿನಲ್ಲಿ ಪಕ್ಕದ ಹೆಂಗಸು ಬಕೆಟ್ಟಿನೊಳಗೆ ನೋಡಿ, ಅರಿಶಿನ ಕಂಡು, ಕೈಮುಗಿದಳು.

ಆ ಮನೆಗೆ ಸೊಪ್ಪು ಮಾರುವವಳು ನಮ್ಮೂರಿನವಳೇ. ಆಮೇಲೆ ಅವಳಿಂದ ತಿಳಿಯಿತು. ಅಂದು ಇಡೀ ಮನೆಯನ್ನು ತೊಳೆದರಂತೆ, ಎಲ್ಲರೂ ತಲೆಗೆ ಸ್ನಾನ ಮಾಡಿದರಂತೆ. ಹುಳ ತಿನ್ನುವ ಪ್ರಾಣಿಗೆ ಮಾಡಿದ ವ್ರತ ಮೈಲಿಗೆಯೆಂದು, ಅದು ಮುರಿಯಲೆಂದು, ಸೊಸೆಯನ್ನು ಕೂರಿಸಿ ಹೊಟ್ಟೆ ತುಂಬ ಉಣ್ಣಿಸಿದರಂತೆ. ಬಾಗಿಲ ಪಕ್ಕದ ಪೆಟ್ಟಿಗೆ ಅಟ್ಟಕ್ಕೆ ಹೋಯಿತಂತೆ. ಓಣಿಯ ಉಳಿದ ಅತ್ತೆಯರೂ ತಮ್ಮ ಮನೆಯಲ್ಲಿ ಸೊಸೆಯ ಉಪವಾಸದ ಮಾತು ಎತ್ತಲಿಲ್ಲವಂತೆ.

ಅವಳನ್ನು ಆಮೇಲೆ ಒಂದೇ ಸಲ ಕಂಡಿದ್ದೇನೆ. ರಾಣೇಬೆನ್ನೂರಿನ ಬಸ್ ನಿಲ್ದಾಣದಲ್ಲಿ ಅತ್ತೆಯ ಪಕ್ಕ ಬೆಂಚಿನ ಮೇಲೆ ಕೂತು ಕಾಗದದಲ್ಲಿ ಚುರುಮುರಿಯ ಗಿರಮಿಟ್ಟು ತಿನ್ನುತ್ತಿದ್ದಳು. ಕಂಕುಳಲ್ಲಿ ಕೂಸು ಇರಲಿಲ್ಲ. ನನ್ನನ್ನು ನೋಡಿದಳು. ಮಾತಾಡಿಸಲಿಲ್ಲ, ಗುರುತು ಹಿಡಿದ ಹಾಗೂ ತೋರಿಸಲಿಲ್ಲ. ಆದರೆ ತಿನ್ನುವುದನ್ನು ನಿಲ್ಲಿಸಲಿಲ್ಲ. ನನ್ನನ್ನೇ ನೋಡುತ್ತ ಕಾಗದದಲ್ಲಿದ್ದ ಕಡೆಯ ಕಾಳಿನವರೆಗೆ ತಿಂದಳು. ನಾನು ಬಸ್ ಹತ್ತಿದೆ.

ಈಗ ತೊಟ್ಟಿಯ ಆಮೆ ನಿಮ್ಮ ಅಂಗೈಗಿಂತ ದೊಡ್ಡದು. ದಿನಾ ರಾಜಗಿರಿ ಇಲ್ಲವೇ ಹಿಪ್ಪುನೇರಳೆ ಎಲೆ, ಆಗಾಗ ಗಜ್ಜರಿ, ವಾರಕ್ಕೊಮ್ಮೆ ಹುಳ. ಎಡಗಡೆಯಿಂದ ಹಾಕಬೇಡಿ, ಅದಕ್ಕೆ ಕಾಣುವುದಿಲ್ಲ, ಬೆಚ್ಚುತ್ತದೆ. ಕೆರೆಗೆ ಬಿಡಬೇಡಿ, ನಮ್ಮ ಕೆರೆಯ ಜೀವಗಳನ್ನು ಇದು ತಿಂದುಹಾಕುತ್ತದೆಂದು ಡಾಕ್ಟರು ಹೇಳಿದ್ದಾರೆ. ಚುರುಮುರಿ ಯಾಕೆ ಬೇಡವೆಂದು ಈಗ ಗೊತ್ತಾಯಿತಲ್ಲ, ಬಸು.

ಇಂಥ ಆಮೆ ಮೂವತ್ತು ವರ್ಷ ಬದುಕುತ್ತದಂತೆ. ನಾನು ಅಷ್ಟು ದಿನ ಇರುವುದಿಲ್ಲ. ಆಗ ಇದಕ್ಕೆ ಉಣ್ಣಿಸುವವರು ನೀವೇ. ಈ ಹಾಳೆಗಳನ್ನು ನನ್ನ ಅಡಿಕೆ ಡಬ್ಬಿಯ ಜೊತೆ ಕಟ್ಟಿಡುತ್ತೇನೆ, ಮಳೆಗೂ ಇಲಿಗೂ ಸಿಗದ ಹಾಗೆ ಇಟ್ಟುಕೊಳ್ಳಿ. ಆ ಬ್ಯಾಡಗಿಯ ಮನೆಯವರು ಯಾರಾದರೂ ಕೇಳಿ ಬಂದರೆ ತೋರಿಸಬೇಡಿ. ಆ ಸೊಸೆಗೆ ಎಲ್ಲವೂ ಗೊತ್ತಿತ್ತೆಂದು ಇದರಲ್ಲಿ ಬರೆದಿದ್ದೇನೆ.